ಎರಡರ ಜಾಗದಲ್ಲಿ ಒಂದು

"ಇದರೊಳಗೆ ಒಂದೇ ಇದೆಯಲ್ಲಮ್ಮಾ!"

ಮೀಟರ್ ಮಾವ ಮೇಜಿನ ಕೆಳಗಿನಿಂದಲೇ ಕೂಗಿದರು. ಹೊರಗೆ ಕಾಣುತ್ತಿದ್ದದ್ದು ಅವರ ಎರಡು ಅಂಗಾಲು ಮತ್ತು ಸವೆದ ಪ್ಯಾಂಟಿನ ಹಿಂಭಾಗ ಮಾತ್ರ. ಬೇರೆ ದಿನವಾಗಿದ್ದರೆ ಅಕ್ಕನಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಏನು ಒಂದೇ ಇದೆ?"

"ಕಾರ್ಡು. ನಿನ್ನ ತಮ್ಮನ ಕಂಪ್ಯೂಟರಿನಲ್ಲಿ ಆಟದ ಚಿತ್ರ ಓಡಿಸೋಕೆ ಎರಡು ಗ್ರಾಫಿಕ್ಸ್ ಕಾರ್ಡ್ ಇದೆ ಅಂತ ತಾನೇ ನೀನು ಹೇಳಿದ್ದು?"

"ಎರಡಿತ್ತು ಮಾವ. ಒಂದನ್ನ ನಾನೇ ಕೊಡಿಸಿದ್ದೆ. ಇನ್ನೊಂದನ್ನ ಅವನು ಎಲ್ಲಿಂದಲೋ ಹಳೇದು ತಂದು ಅದರ ಪಕ್ಕದಲ್ಲಿ ಕೂರಿಸ್ದ. ಎರಡೂ ಸೇರಿ ಒಲೆ ಹಾಗೆ ಕಾಯ್ತಿದ್ವು. ಬೇಸಿಗೇಲಿ ಈ ರೂಮಿಗೆ ಕಾಲಿಡೋಕಾಗ್ತಿರ್ಲಿಲ್ಲ."

"ಹಾಗಾದ್ರೆ ಒಲೆ ಆರಿ ಹೋಗಿದೆ. ಬಾ, ನೋಡು."

ಅಕ್ಕ ನೆಲದ ಮೇಲೆ ಬೋರಲು ಮಲಗಿ ಒಳಗೆ ಇಣುಕಿದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದವಳು. ನರ ಹುಡುಕುವುದು ಗೊತ್ತೇ ಹೊರತು ಈ ವೈರುಗಳ ಸಂಸಾರ ಅವಳಿಗೆ ಗೊತ್ತಿಲ್ಲ. ಆದರೂ ಎರಡರ ಜಾಗದಲ್ಲಿ ಒಂದೇ ಇರುವುದು ಕಾಣಿಸುವುದಕ್ಕೆ ವಿದ್ಯೆ ಬೇಕಿರಲಿಲ್ಲ. ಹೊಳೆಯುವ, ದಪ್ಪನೆಯ, ಧೂಳಿಲ್ಲದ ಹೊಸ ಕಾರ್ಡು. ಕೆಳಗಿನದು ಇದ್ದ ಜಾಗ ಖಾಲಿ. ಆ ಖಾಲಿ ಜಾಗದ ಸುತ್ತ ಮಾತ್ರ ವರ್ಷಗಟ್ಟಲೆಯ ಧೂಳು ಅಚ್ಚುಕಟ್ಟಾಗಿ ಗೆರೆ ಹಾಕಿತ್ತು.

ನಾಲ್ಕು ದಿನದಿಂದ ಅವಳ ಹೊಟ್ಟೆಗೆ ಸರಿಯಾಗಿ ಅನ್ನ ಇಳಿದಿರಲಿಲ್ಲ. ಕಳೆದ ಶನಿವಾರ ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಹುಡುಗರು ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುವ ಗೇಮಿಂಗ್ ಸೆಂಟರಿನೊಳಗೆ ಅದರ ಯಜಮಾನನ ತಲೆಗೆ ಯಾರೋ ಹೊಡೆದು ಕೊಂದಿದ್ದರು. ಬೀಗ ಒಡೆದಿರಲಿಲ್ಲ, ಇನ್ನೊಂದು ಬೀಗದ ಕೈ ಇದ್ದದ್ದು ಅಲ್ಲಿ ಕೆಲಸಕ್ಕಿದ್ದ ತಮ್ಮನ ಹತ್ತಿರ. "ಆ ಹೊತ್ತಿನಲ್ಲಿ ನಾನು ಮನೇಲಿ ಆಟ ಆಡ್ತಿದ್ದೆ" ಎಂಬುದೊಂದೇ ಅವನ ಮಾತು. ಪೊಲೀಸ್ ಕಸ್ಟಡಿ ಮುಗಿದು ನಾಳೆ ಹನ್ನೊಂದಕ್ಕೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಆಮೇಲೆ ಅವನನ್ನು ಹೊರಗೆ ತರುವುದು ಯಾರ ಕೈಯಲ್ಲಿದೆಯೋ ದೇವರೇ ಬಲ್ಲ.

ಕಂಪ್ಯೂಟರಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು, ಕರೆಂಟಿನ ಮೀಟರಿನದನ್ನು ತಿರುಗಿಸಲಾಗುವುದಿಲ್ಲ ಎಂದು ಹೇಳಿದವರು ಮೀಟರ್ ಮಾವ. ವಿದ್ಯುತ್ ಕಚೇರಿಯಲ್ಲಿ ಮೂವತ್ತೆರಡು ವರ್ಷ ಮೀಟರು ಪರೀಕ್ಷಿಸಿ ನಿವೃತ್ತರಾದವರು. ಕದ್ದ ಕರೆಂಟನ್ನು ಮೂಸಿಯೇ ಹಿಡಿಯುತ್ತಾರೆ ಎಂದು ಬೀದಿಯವರ ನಂಬಿಕೆ. ಬೀದಿಗೆಲ್ಲ ಮಾವ, ಆದರೆ ಅವರ ಸ್ವಂತ ಅಳಿಯ ಮಾತ್ರ ಅವರನ್ನು ಕಂಡರೆ ರಸ್ತೆ ದಾಟುತ್ತಾನೆ.

ಅವರೇ ಓಡಾಡಿ, ಹಳೆಯ ಪರಿಚಯದವರನ್ನು ಕಾಡಿ ಬೇಡಿ, ಮನೆಯ ಕರೆಂಟಿನ ಅರ್ಧರ್ಧ ಗಂಟೆಯ ಲೆಕ್ಕವಿದ್ದ ಹಾಳೆ ತಂದಿದ್ದರು. ಆ ಹಾಳೆಯೇ ಕುತ್ತಿಗೆಗೆ ಬಂತು.

ತಮ್ಮ ಆಟಕ್ಕೆ ಕೂತ ದಿನಗಳಲ್ಲೆಲ್ಲ ಮನೆಯ ಖರ್ಚು ಅರ್ಧ ಗಂಟೆಗೆ ಯೂನಿಟ್ಟಿನ ನೂರರಲ್ಲಿ ನಲವತ್ತು ಪಾಲು. ಶನಿವಾರ ಆ ಹೊತ್ತಿನಲ್ಲಿ ಬರೀ ಇಪ್ಪತ್ತೆರಡು. "ನೋಡಿ, ಆಡಿಲ್ಲ. ಮೆಷಿನ್ ಆನ್ ಮಾಡಿ, ಫ್ಯಾನು ಟೀವಿ ಹಾಕಿಟ್ಟು ಹೊರಗೆ ಹೋಗಿದಾನೆ," ಎಂದು ಇನ್ಸ್‌ಪೆಕ್ಟರ್ ಹಾಳೆಯನ್ನು ಮಡಿಸಿ ತಮ್ಮ ಕಡತಕ್ಕೇ ಸೇರಿಸಿಕೊಂಡಿದ್ದರು. ಅದನ್ನು ಒಯ್ದು ಪೊಲೀಸರ ಕೈಗಿಟ್ಟವಳು ಅಕ್ಕನೇ! ಅವತ್ತಿನಿಂದ ಅವಳಿಗೆ ತನ್ನ ಕೈಯನ್ನು ತಾನೇ ಕಡಿದುಕೊಳ್ಳಬೇಕು ಅನ್ನಿಸುತ್ತಿತ್ತು.

"ಮಾವ, ಒಂದೇ ಕಾರ್ಡಾದ್ರೆ ಕರೆಂಟು ಕಮ್ಮಿ ತಿನ್ನುತ್ತಾ?"

"ಹಳೇ ಜೋಡಿಗಿಂತ ಅರ್ಧಕ್ಕೂ ಕಮ್ಮಿ. ಆಟ ಮಾತ್ರ ಅದಕ್ಕಿಂತ ಚೆನ್ನಾಗಿ ಓಡಿಸುತ್ತೆ." ಮಾವ ಹೊರಗೆ ತೆವಳಿಕೊಂಡು ಬಂದು ಸೊಂಟ ನೀವಿಕೊಂಡರು. ಜೇಬಿನಿಂದ ಹಾಳೆಯ ನಕಲು ತೆಗೆದು ಬೆರಳಿಟ್ಟರು. "ಈ ಇಪ್ಪತ್ತೆರಡು ನಂಗೆ ಮೊದ್ಲಿಂದ ಕಾಡ್ತಿತ್ತು. ಎರಡು ಕಾರ್ಡಲ್ಲಿ ಆಡಿದ್ರೆ ಇಷ್ಟು ಸಾಲಲ್ಲ. ಮೆಷಿನ್ ಸುಮ್ನೆ ಕೂತಿದ್ರೆ ಹದಿಮೂರು ದಾಟಲ್ಲ. ಒಂದು ಹೊಸ ಕಾರ್ಡು ಮೈಮುರಿದು ದುಡೀತಿದ್ರೆ, ಸರಿಯಾಗಿ ಇಪ್ಪತ್ತೆರಡು."

ಅಕ್ಕನಿಗೆ ಅಳು ಉಕ್ಕಿ ಬಂತು. ಕುರ್ಚಿಯ ಬೆನ್ನು ಹಿಡಿದುಕೊಂಡು ಅತ್ತಳು, ಮೂಗು ಸೊರಸೊರ ಎನ್ನಿಸುತ್ತ, ನಾಚಿಕೆಯಿಲ್ಲದೆ ಅತ್ತಳು.

"ಅಳೋದಕ್ಕೆ ಆಮೇಲೆ ಟೈಮಿದೆ. ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನ ಒಂದು ಗಂಟೆವರೆಗೆ ನಲವತ್ತರ ಆಸುಪಾಸೇ ಇದೆ, ನೋಡು. ಒಂದರಿಂದ ಎರಡರವರೆಗೆ ಹೆಚ್ಚೂಕಮ್ಮಿ ಏನೂ ಇಲ್ಲ, ಮೆಷಿನ್ ಆಫ್. ಎರಡರಿಂದ ಐದರವರೆಗೆ ಇಪ್ಪತ್ತೆರಡು. ಅಂದ್ರೆ ಒಂದರಿಂದ ಎರಡರೊಳಗೆ ಯಾರೋ ಇದನ್ನ ಬಿಚ್ಚಿ ಕಾರ್ಡು ಬದಲಾಯ್ಸಿದಾರೆ. ನಿನ್ನ ತಮ್ಮನಿಗೆ ಆ ಕೆಲಸ ಬರುತ್ತಾ?"

"ಅವನಿಗಾ? ಗೋಡೆಗೆ ಮೊಳೆ ಹೊಡಿ ಅಂದ್ರೆ ಬೆರಳಿಗೆ ಹೊಡ್ಕೊಳ್ಳೋನು."

"ಮತ್ತೆ ಯಾರು?"

ಅಕ್ಕ ಕಣ್ಣೊರೆಸಿಕೊಂಡು ಮತ್ತೆ ಒಳಗೆ ಬಗ್ಗಿದಳು. ಹೊಸ ಕಾರ್ಡನ್ನು ಹಿಡಿದಿದ್ದ ಸ್ಕ್ರೂವಿನ ತಲೆಯ ಮೇಲೆ ನೇರಳೆ ಬಣ್ಣದ ಒಂದು ಚುಕ್ಕೆ ಇತ್ತು. ಉಗುರುಬಣ್ಣ. ಪಕ್ಕದ ಹಳೆಯ ಸ್ಕ್ರೂಗಳ ಮೇಲೆ ಹಸಿರು, ಕೆಂಪು.

"ಸ್ಕ್ರೂ ಅಣ್ಣ!" ಎಂದಳು.

ಪೇಟೆಯ ಆಟಗಾರ ಹುಡುಗರೆಲ್ಲ ಹಾಗೆ ಕರೆಯುವ ರಿಪೇರಿಯವನು. ತಾನು ಬಿಗಿದ ಪ್ರತಿ ಸ್ಕ್ರೂವಿಗೂ ಹೆಂಡತಿಯ ಉಗುರುಬಣ್ಣದ ಒಂದು ಹನಿ ಇಡುತ್ತಾನೆ. ಬೇರೆ ಯಾರಾದರೂ ಬಿಚ್ಚಿದರೆ ಹನಿ ಒಡೆದು ಗೊತ್ತಾಗುತ್ತದೆ. ತಿಂಗಳಿಗೊಂದು ಬಣ್ಣ, ಯಾವಾಗ ಬಿಗಿದದ್ದು ಎಂದು ನೆನಪಿಗೆ. ಅವನ ಹೆಂಡತಿಯ ಉಗುರಿಗಿಂತ ಊರಿನ ಕಂಪ್ಯೂಟರುಗಳೇ ಹೆಚ್ಚು ಸಿಂಗಾರ ಮಾಡಿಕೊಂಡಿವೆ ಎಂದು ತಮ್ಮ ತಮಾಷೆ ಮಾಡುತ್ತಿದ್ದ.

"ಸೆಂಟರಿಗೆ ಓಡಾಡ್ತಿದ್ದೋರನ್ನೆಲ್ಲ ಪೊಲೀಸಿನವ್ರು ವಿಚಾರಿಸಿದ್ರಲ್ಲ, ಅವನು ಏನು ಹೇಳಿದ್ದ?" ಎಂದರು ಮಾವ.

"ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಅಂಗಡಿ ಬಿಟ್ಟು ಕದಲಿಲ್ಲ ಅಂತ."

ಮೀಟರ್ ಮಾವ ಹೊಸ ಕಾರ್ಡಿನ, ಖಾಲಿ ಜಾಗದ, ಸ್ಕ್ರೂವಿನ ಫೋಟೊ ತೆಗೆದು, ಲೆಕ್ಕವನ್ನೂ ಬರೆದು ಇನ್ಸ್‌ಪೆಕ್ಟರಿಗೆ ಕಳಿಸಿದರು. ಹೊರಡುವಾಗ ಮಾತ್ರ ಹಾಳೆಯನ್ನು ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು.

"ಬೇರೆ ದಿನ ಮೂವತ್ತೆಂಟು, ನಲವತ್ತೊಂದು, ಮೂವತ್ತಾರು ಅಂತ ಏರಿಳಿತ ಇದೆ. ಅವತ್ತು ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೆರಡು. ಗೆರೆ ಎಳೆದ ಹಾಗೆ."

"ಹೊಸ ಕಾರ್ಡಲ್ವಾ ಮಾವ, ಹಾಗೇ ಇರುತ್ತೇನೋ. ಬೇಗ ನಡೀರಿ!"

ಅವಳಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸ್ಕ್ರೂ ಅಣ್ಣನ ಅಂಗಡಿ ಇದ್ದದ್ದು ಕಟ್ಟಡದ ಎರಡನೇ ಮಹಡಿಯಲ್ಲಿ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಂಥ ಮೆಟ್ಟಿಲುಗಳ ತುದಿಗೆ. ಒಳಗೆ ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿದ ಕಂಪ್ಯೂಟರುಗಳು. ಕಿವಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಅವನು ಒಂದರ ಮೇಲೆ ಬಗ್ಗಿದ್ದ. ಮೇಜಿನ ಮೇಲೆ ಮುಚ್ಚಳ ತೆಗೆದ ಉಗುರುಬಣ್ಣದ ಸೀಸೆ. ನೇರಳೆ.

"ಓ, ಬನ್ನಿ ಅಕ್ಕ. ತಮ್ಮನ ವಿಷಯ ಏನಾಯ್ತು? ನಂಗಂತೂ ಊಟ ಸೇರ್ತಿಲ್ಲ."

"ಶನಿವಾರ ಮಧ್ಯಾಹ್ನ ನಮ್ಮನೆಗೆ ಬಂದಿದ್ರಾ?"

"ನಾನಾ? ಇಲ್ಲಪ್ಪ. ಪೊಲೀಸಿನವ್ರಿಗೂ ಹೇಳಿದೀನಲ್ಲ."

ಮಾವ ಫೋನನ್ನು ಅವನ ಮೂಗಿನ ಕೆಳಗೆ ಹಿಡಿದರು. ಅವನು ನೋಡಿದ. ಸೀಸೆಯ ಕಡೆಗೆ ಹೊರಳಲಿದ್ದ ಕಣ್ಣನ್ನು ಕಷ್ಟಪಟ್ಟು ತಡೆದುಕೊಂಡ.

"ಈ ಬಣ್ಣ ಯಾರ ಹತ್ರ ಬೇಕಾದ್ರೂ ಇರುತ್ತೆ ಸರ್."

"ಇರುತ್ತಪ್ಪ. ನನ್ನ ಹೆಂಡ್ತಿ ಹತ್ರಾನೂ ಇದೆ. ಆದ್ರೆ ಅವಳು ಕಂಪ್ಯೂಟರ್ ಬಿಚ್ಚಲ್ಲ. ಕೆಲಸ ಇಲ್ಲದ ವೈರನ್ನ ಮಡಚಿ ಸೈಕಲ್ ಟ್ಯೂಬಿನ ಚೂರಿನಿಂದ ಕಟ್ಟೋದೂ ಇಲ್ಲ." ಮಾವ ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿದ್ದ ಒಂದೊಂದು ಕಂಪ್ಯೂಟರಿನ ಹೊಟ್ಟೆಯಲ್ಲೂ ಅದೇ ಕಪ್ಪು ರಬ್ಬರಿನ ಕಟ್ಟು. "ಇವಳ ತಮ್ಮನ ಮೆಷಿನ್ನಿನಲ್ಲಿ ಎರಡನೇ ಕಾರ್ಡಿನ ವೈರೂ ಹೀಗೇ ಇದೆ. ಕೆಲಸ ಅಚ್ಚುಕಟ್ಟು ನಿಂದು. ಅದೇ ನಿನ್ನ ಹಿಡ್ಕೊಟ್ಟಿದ್ದು."

ಸ್ಕ್ರೂ ಅಣ್ಣ ಸ್ಟೂಲಿನ ಮೇಲೆ ಕುಸಿದ.

"ಕೊಲೆ ಕೇಸು ಅಕ್ಕ," ಎಂದ. "ನಾನು ಹೆಂಡ್ತಿ ಮಕ್ಳಿರೋನು. ಆ ಮನೆಗೆ ಹೋಗಿದ್ದೆ ಅಂತ ಬಾಯ್ಬಿಟ್ರೆ ನಂಗೂ ಸುತ್ಕೊಳ್ಳುತ್ತೆ ಅಂತ ಹೆದರಿಬಿಟ್ಟೆ."

"ನಿಮ್ಮ ಹೆದರಿಕೆಗೆ ನನ್ನ ತಮ್ಮ ನಾಲ್ಕು ದಿನದಿಂದ ಲಾಕಪ್ಪಿನಲ್ಲಿ ಬಿದ್ದಿದಾನೆ!" ಅಕ್ಕ ಮೇಜು ಬಡಿದಳು. ಸೀಸೆ ಹಾರಿ ಬಿತ್ತು. "ಏಳಿ, ನಡೀರಿ ಸ್ಟೇಷನ್ನಿಗೆ. ಕಾರ್ಡು ಬದಲಾಯ್ಸಿದ್ದು ನಾನೇ, ಆಮೇಲೆ ಅವನು ಕೂತು ಆಡ್ತಿದ್ದ ಅಂತ ಹೇಳಿ. ಅಷ್ಟು ಸಾಕು ನಂಗೆ."

ಅವನು ಏಳಲಿಲ್ಲ. ಬಿದ್ದ ಸೀಸೆಯನ್ನು ಎತ್ತಿ ನಿಧಾನವಾಗಿ ಮುಚ್ಚಳ ತಿರುಗಿಸಿದ.

"ಅವನು ಆಡ್ತಿರ್ಲಿಲ್ಲ ಅಕ್ಕ."

"ಏನಂದ್ರಿ?"

"ಹೊಸ ಕಾರ್ಡು ಹಾಕಿದ್ಮೇಲೆ ನಾನು ಮೂರು ಗಂಟೆ ಟೆಸ್ಟ್ ಓಡಿಸ್ತೀನಿ. ಕಾರ್ಡಿಗೆ ಪೂರ್ತಿ ಭಾರ ಕೊಡೋದು, ಬಿಸಿಗೆ ಕೈ ಕೊಡುತ್ತಾ ನೋಡೋದು. ನಿಮ್ಮನೇಲೂ ಎರಡು ಗಂಟೆಗೆ ಶುರು ಮಾಡ್ದೆ. ಅದು ತನ್ನಷ್ಟಕ್ಕೆ ಓಡ್ತಿರುತ್ತೆ. ಎದುರಿಗೆ ಯಾರೂ ಕೂತಿರ್ಬೇಕಾಗಿಲ್ಲ."

ಮೀಟರ್ ಮಾವ ಕಣ್ಣು ಮುಚ್ಚಿಕೊಂಡರು. "ಇಪ್ಪತ್ತೆರಡು, ಇಪ್ಪತ್ತೆರಡು," ಎಂದು ಗೊಣಗಿದರು. ಮನುಷ್ಯ ಆಡಿದರೆ ನಡುವೆ ನೀರು ಕುಡಿಯುತ್ತಾನೆ, ಸೋಲುತ್ತಾನೆ, ಬೈಯುತ್ತಾನೆ, ಲೆಕ್ಕ ಏರಿಳಿಯುತ್ತದೆ. ಗೆರೆ ಎಳೆದ ಹಾಗೆ ನಿಲ್ಲುವುದು ಯಂತ್ರ ಒಂದೇ ಇದ್ದಾಗ.

ಅಕ್ಕ ಮೇಜಿನಂಚು ಹಿಡಿದು ಅವನ ಕಡೆ ಬಗ್ಗಿದಳು. ಒಂದು ಗಂಟೆಯ ಹಿಂದೆ ಸಿಕ್ಕಿದ್ದ ಜೀವ ಬಾಯಿಗೆ ಬಂದು ನಿಂತಿತು.

"ಮತ್ತೆ ಅವನು ಎಲ್ಲಿದ್ದ?"

"ಹೇಳ್ಬಾರ್ದು ಅಂತಿದ್ದೆ." ಸ್ಕ್ರೂ ಅಣ್ಣ ದನಿ ತಗ್ಗಿಸಿದ. "ಆ ಹೊಸ ಕಾರ್ಡು ಕೊಟ್ಟಿದ್ದೇ ಯಜಮಾನ್ರು. ಅದಲು ಬದಲು. ಅವರ ಹಳೇ ಮೆಷಿನ್ನುಗಳಿಗೆ ಇವನ ಜೋಡಿ ಬೇಕಿತ್ತಂತೆ. ಅದರಲ್ಲೊಂದು ನೀವು ಕೊಡಿಸಿದ್ದು ಅಂತ ನಿಮಗೆ ಹೇಳೋಕೆ ಅವನಿಗೆ ಮನಸ್ಸು ಬಂದಿರ್ಲಿಲ್ಲ. ನಾನು ಟೆಸ್ಟ್ ಶುರು ಮಾಡ್ತಿದ್ದಂಗೆ ಹಳೇವೆರಡನ್ನೂ ಚೀಲಕ್ಕೆ ಹಾಕ್ಕೊಂಡು ಹೊರಟ. ಯಜಮಾನ್ರ ಹತ್ರಾನೇ."

ಮೂರು ಗಂಟೆಗೆ ತಮ್ಮ ಅಲ್ಲೇ ಇದ್ದ! ಅವನು ಕೊಂದಿರಲಾರ. ಇಲಿ ಸತ್ತರೂ ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿರುವ ಹುಡುಗ. ಆದರೆ ಇದನ್ನು ಕೇಳಿದ ಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ?

ಸ್ಕ್ರೂ ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. "ನಾನು ಹೇಳಲ್ಲ ಅಕ್ಕ. ನೀವು ಏನು ಹೇಳು ಅಂತೀರೋ ಅದನ್ನೇ ಹೇಳ್ತೀನಿ. ಅವನು ನನ್ನ ತಮ್ಮ ಇದ್ದಂಗೆ."

"ಅದಿರ್ಲಿ," ಎಂದರು ಮೀಟರ್ ಮಾವ. "ಟೆಸ್ಟ್ ಓಡ್ತಿದ್ದ ಮೂರು ಗಂಟೆ ನೀನೆಲ್ಲಿದ್ದೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್.

"ಫೋಟೊ ನೋಡ್ದೆ ಅಮ್ಮ. ಕಾರ್ಡು ಒಂದೇ ಆದ್ರೆ ಇಪ್ಪತ್ತೆರಡಕ್ಕೆ ಅರ್ಥ ಬರುತ್ತೆ, ಒಪ್ತೀನಿ. ಅದನ್ನ ಹಾಕಿದ್ದು ಯಾರು? ಆ ಹೊತ್ತಿಗೆ ನಿಮ್ಮ ತಮ್ಮ ಮನೇಲಿದ್ದಿದ್ದನ್ನ ಅವರು ನೋಡಿದಾರಾ? ಅದೊಂದು ಗೊತ್ತಾಗ್ಬೇಕು."

ಅಕ್ಕ ಫೋನನ್ನು ಎದೆಗೆ ಒತ್ತಿಕೊಂಡಳು. ಮೀಟರ್ ಮಾವ ಬೇಡ ಎಂದು ತಲೆಯಾಡಿಸುತ್ತಿದ್ದರು.

"ರೀಡಿಂಗ್ ತಿದ್ದಬೇಡ ಮಗಳೇ. ಸತ್ಯ ಹೇಳು. ಹಳೇ ಕಾರ್ಡು ಸೆಂಟರಿನಲ್ಲಿ ಇಲ್ದಿದ್ರೆ ಯಾರು ಒಯ್ದ್ರು ಅಂತ ಹುಡುಕೋಣ, ಕೊಂದೋನು ಸಿಗ್ತಾನೆ."

"ನಾಳೆ ಹನ್ನೊಂದಕ್ಕೆ ಕೋರ್ಟು ಮಾವ! ಹುಡುಕೋಕೆ ಟೈಮೆಲ್ಲಿದೆ?"

"ಆದ್ರೂ ಬೇಡ."

"ನಿಮ್ಮ ತಮ್ಮ ಆಗಿದ್ರೆ ಏನು ಮಾಡ್ತಿದ್ರಿ?"

ಮಾವ ಹಾಳೆ ಹಿಡಿದು ಕಿಟಕಿಯ ಕಡೆ ನಡೆದರು. ಅಕ್ಕ ಫೋನನ್ನು ಸ್ಕ್ರೂ ಅಣ್ಣನ ಕೈಗೆ ತುರುಕಿದಳು. "ಹೇಳಿ," ಎಂದಳು.

ಅವನು ಹೇಳಿದ. ತಡವರಿಸದೆ, ಪಾಠ ಒಪ್ಪಿಸಿದ ಹಾಗೆ ಹೇಳಿದ. ಒಂದು ಗಂಟೆಗೆ ಹೋದೆ, ಎರಡಕ್ಕೆ ಕೆಲಸ ಮುಗೀತು, ಹೊಸ ಕಾರ್ಡಿನಲ್ಲಿ ಆಟ ಹೇಗೆ ಬರುತ್ತೆ ಅಂತ ನೋಡ್ತಾ ಐದರವರೆಗೂ ಅವನ ಪಕ್ಕದಲ್ಲೇ ಕೂತಿದ್ದೆ, ಹೆದರಿ ಮೊದಲು ಸುಳ್ಳು ಹೇಳಿದ್ದೆ, ಕ್ಷಮಿಸಿ ಸರ್. ಮತ್ತೆ ಫೋನನ್ನು ಅಕ್ಕನಿಗೆ ಚಾಚಿದ. "ಬೇರೆ ಯಾರಾದ್ರೂ ನೋಡಿದಾರಾ ಅಂತ ಕೇಳ್ತಿದಾರೆ."

ಲ್ಯಾಬಿನಲ್ಲಿ ಇಷ್ಟು ವರ್ಷದಲ್ಲಿ ಒಂದು ಸೀಸೆಗೂ ತಪ್ಪು ಹೆಸರು ಅಂಟಿಸಿದವಳಲ್ಲ ಅಕ್ಕ. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬಿದ್ದರೆ ಜೀವ ಹೋಗುತ್ತದೆ ಎಂದು ಹೊಸಬರಿಗೆ ಬೈದು ಬೈದು ಕಲಿಸಿದವಳು.

"ನಾನು ನೋಡ್ದೆ ಸರ್," ಎಂದಳು. "ಮೂರೂವರೆಗೆ ಊಟಕ್ಕೆ ಮನೆಗೆ ಬಂದಿದ್ದೆ. ಇಬ್ಬರೂ ಕೂತಿದ್ರು. ಗಾಬರೀಲಿ ಅವತ್ತು ಹೇಳೋಕೆ ಮರ್ತಿದ್ದೆ."

"ಇಬ್ಬರೂನಾ?"

"ಇಬ್ಬರೂ ಸರ್. ಕಣ್ಣಾರೆ ನೋಡಿದೀನಿ."

"ಕೋರ್ಟಲ್ಲೂ ಹೇಳ್ತೀರಾ?"

"ಹೇಳ್ತೀನಿ."

ಆ ಕಡೆ ಪೆನ್ನು ಓಡುವ ಸದ್ದು ಕೇಳಿಸಿತು. ಅಕ್ಕ ಉಸಿರು ಬಿಟ್ಟಳು. ಮುಗಿಯಿತು, ನಾಳೆ ತಮ್ಮ ಮನೆಗೆ ಬರುತ್ತಾನೆ, ಎರಡು ಬಾರಿಸಿ ಆಮೇಲೆ ಊಟಕ್ಕಿಡುತ್ತೇನೆ ಅಂದುಕೊಂಡಳು.

"ಬರ್ಕೊಂಡೆ," ಎಂದರು ಇನ್ಸ್‌ಪೆಕ್ಟರ್. ಅವರ ದನಿ ಬದಲಾಗಿತ್ತು. "ಈಗ ನಾನು ಹೇಳೋದನ್ನ ಸುಮ್ನೆ ಕೇಳಿಸ್ಕೊಳ್ಳಿ. ಅರ್ಧ ಗಂಟೆ ಹಿಂದೆ ನಿಮ್ಮ ತಮ್ಮ ಬಾಯಿ ಬಿಟ್ಟ. ಅವನು ಶನಿವಾರ ಮನೇಲಿರ್ಲಿಲ್ಲವಂತೆ. ಹಳೇ ಕಾರ್ಡು ಕೊಡೋಕೆ ಯಜಮಾನ್ರ ಹತ್ರ ಹೋಗಿದ್ನಂತೆ. ಮೂರೂಕಾಲಿಗೆ ಅಲ್ಲಿಂದ ಹೊರಟಾಗ ಯಜಮಾನ್ರು ಚೆನ್ನಾಗೇ ಇದ್ರು. ಇವನು ಹೊರಗೆ ಬರ್ತಿದ್ದಂಗೆ ಒಬ್ಬ ಒಳಗೆ ಹೋದ ಅಂತಾನೆ. ಇಷ್ಟು ದಿನ ಅವನ ಹೆಸರು ಹೇಳೋಕೆ ಹೆದರಿದ್ದ. ಆ ಮನುಷ್ಯ ಅಕ್ಕನ್ನ ಏನಾದ್ರೂ ಮಾಡ್ತಾನೆ ಅಂತ."

ಅಕ್ಕ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಈ ಮಾತೆಲ್ಲ ಕೇಳಿಸುತ್ತಿದ್ದದ್ದು ಅವಳೊಬ್ಬಳ ಕಿವಿಗೆ.

"ಸ್ಕ್ರೂ ಅಣ್ಣ ಅಂತೆ, ಈಗ ತಾನೇ ನನ್ನ ಹತ್ರ ಮಾತಾಡಿದೋನೇ. ಅವನನ್ನ ಹಿಡಿಯೋಕೆ ಅಂತಾನೇ ನಾನು ಹೊರಟಿದ್ದೆ. ಈಗ ನೀವು ನೋಡಿದ್ರೆ, ಆ ಹೊತ್ತಿಗೆ ಅವನು ನಿಮ್ಮನೇಲಿ ಕೂತಿದ್ದ, ಕಣ್ಣಾರೆ ನೋಡ್ದೆ ಅಂತೀರಿ. ಸುಳ್ಳು ಹೇಳ್ತಿರೋದು ನಿಮ್ಮ ತಮ್ಮನಾ, ನೀವಾ? ನೀವು ಹೇಳಿದ್ದು ಹಾಳೆ ಮೇಲಿದೆ. ಇರ್ಲಾ, ಹೊಡೆದು ಹಾಕ್ಲಾ?"

ಅವಳು ತಲೆ ಎತ್ತಿದಳು. ಸ್ಟೂಲು ಖಾಲಿ. ಸ್ಕ್ರೂ ಅಣ್ಣ ಯಾವಾಗಲೋ ಎದ್ದು ಹೋಗಿ ಒಳಗಿನಿಂದ ಬಾಗಿಲಿನ ಚಿಲಕ ಹಾಕಿದ್ದ. ಮೀಟರ್ ಮಾವ ಏನೂ ಅರಿಯದೆ ಕಿಟಕಿಯ ಹತ್ತಿರ ಹಾಳೆ ಹಿಡಿದು ನಿಂತಿದ್ದರು.

"ಏನಂತೆ ಅಕ್ಕ?" ಎಂದು ಅವನು ನಗುತ್ತ ಕೇಳಿದ. "ನಂಬಿದ್ರಾ?"